ತಂತಿ ಸುತ್ತುವ ದಿನ

ಕೊಯ್ಲಾದ ಮೂರನೆಯ ದಿನ ಬೇಲಿ ಬಿಚ್ಚಬೇಕು.
ಪುಸ್ತಕದಲ್ಲಿದೆ, ನನ್ನ ಅಕ್ಷರದಲ್ಲೇ,
ಕೊಹೊಂಬವೆವದ ಹತ್ತೊಂಬತ್ತು ಮನೆಯ ರುಜು, ಹೆಬ್ಬೆಟ್ಟಿನ ಸಮೇತ:
ಬಿತ್ತಿದಂದು ಬೇಲಿ ನಮ್ಮದು,
ಭತ್ತ ಮನೆ ಸೇರಿದ ಮೇಲೆ ಬಯಲು ಅವರದು.

ಅವರು ಅಂದರೆ ಅವರೇ.
ಕತ್ತಲಾದ ಮೇಲೆ ನಾವು ಹೆಸರು ಎತ್ತುವುದಿಲ್ಲ.

ಮದ್ದುಮಬಂಡ ತಂತಿ ಸುತ್ತುತ್ತಾನೆ
ಹೆಬ್ಬೆರಳಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ.
ಗೂಟದ ಬಿಳಿ ಪಿಂಗಾಣಿ ಗುಬುಟು ಎಣಿಸುವುದು ನನ್ನ ಪಾಲು.
ನಾನೂರ ಹನ್ನೊಂದು. ಒಂದು ಕಡಿಮೆ.
ಯಾವುದೋ ಹುಡುಗನ ಜೇಬಿನಲ್ಲಿ ಇದ್ದೀತು.

ಕರೆಂಟಿನ ಪೆಟ್ಟಿಗೆ ವಿಹಾರದ ಅಟ್ಟ ಸೇರಿತು.
ನಾಲ್ಕು ತಿಂಗಳು ಟಕ್, ಟಕ್, ಟಕ್ ಎಂದದ್ದು
ಈಗ ಸುಮ್ಮನೆ. ಕಿವಿ ತುರಿಸುತ್ತದೆ.

ತಂತಿ ಇಲ್ಲದ ಕಾಲದಲ್ಲಿ
ಮರದ ಮೇಲಿನ ಮಾಳದಿಂದ ಅಣ್ಣ ರಾತ್ರಿಯಿಡೀ ಹಾಡುತ್ತಿದ್ದ.
ಒಂದು ರಾತ್ರಿ ಸಾಲಿನ ನಡುವೆ ನಿಂತಿತು.
ಬೆಳಗ್ಗೆ ಸರ್ಕಾರದವರು ಬಂದು ಟೇಪು ಹಿಡಿದರು,
ಹೆಜ್ಜೆಗೊಮ್ಮೆ, ಅವನಿಗೊಮ್ಮೆ.
ಆ ಸಾಲಿನ ಉಳಿದರ್ಧ ನನಗೆ ಬರುತ್ತದೆ.
ಹೇಳಿಲ್ಲ.

ಬಿಚ್ಚಬೇಡಿ ಎಂದು ಮೊದಲ ವರ್ಷ
ಸಭೆಯಲ್ಲಿ ಮಣೆ ಎಸೆದವಳು ನಾನೇ.
ಕೂಳೆಯನ್ನೂ ಕೊಡದಿದ್ದರೆ, ಹೀನ್‌ಮೆಣಿಕೆ,
ಹಸಿವು ನೇರ ಅಡುಗೆಮನೆಯ ಗೋಡೆಗೇ ಬರುತ್ತದೆ,
ಎಂದ ಕಿರಿಹಾಮಿ ಮಣೆ ಎತ್ತಿ ಕೊಟ್ಟು.
ಮನೆಗಳ ಸುತ್ತಿನ ತಂತಿ ಇರಲಿ ಎಂದೆ. ಇದೆ.

ರಾತ್ರಿ ಹುಣ್ಣಿಮೆಗೆ ಎರಡು ದಿನ ಬಾಕಿ.
ಅಣ್ಣನ ಮರದ ಹೊಸ ಮಾಳದಲ್ಲಿ ನಾನು, ಮಡಿಲಲ್ಲಿ ಟಾರ್ಚು.
ಬಂದರು. ನಾಲ್ಕು ದೊಡ್ಡವರು, ಒಂದು ಮರಿ.
ತಂತಿ ಇದ್ದ ಗೆರೆಯ ಮೇಲೆ ಸರಿಯಾಗಿ ನಿಂತರು.
ಮುದುಕಿ ಸೊಂಡಿಲು ಚಾಚಿ ಗಾಳಿಯನ್ನು ತಡವಿದಳು,
ಬಾಣಂತಿ ಬಿಸಿನೀರಿಗೆ ಕೈ ಅದ್ದಿ ನೋಡುವಂತೆ.
ಬಹಳ ಹೊತ್ತು.
ಆಮೇಲೆ ಕಾಲು ಮೇಲೆತ್ತಿ, ಇನ್ನೂ ಮೇಲೆತ್ತಿ,
ಇಲ್ಲದ ತಂತಿಯನ್ನು ದಾಟಿದಳು.
ಅವಳ ಹಿಂದೆ ಮೂವರೂ ಹಾಗೆಯೇ.
ಮರಿ ಮಾತ್ರ ಏನೂ ಗೊತ್ತಿಲ್ಲದೆ ಓಡಿತು.

ನಾನು ಟಾರ್ಚು ಹಾಕಲಿಲ್ಲ.
ಕೂಳೆ ಕೀಳುವ ಸದ್ದು ಬೆಳಗಿನವರೆಗೆ,
ಯಾರೋ ಹಳೆ ಸೀರೆ ಹರಿಯುತ್ತಿರುವ ಹಾಗೆ.

ಬೆಳಗ್ಗೆ ಸೊಂಟದ ಮೇಲೆ ಕೊಡವಿಟ್ಟು ಕೆರೆಗೆ ಹೊರಟವಳು
ಗದ್ದೆಯ ಅಂಚಿನಲ್ಲಿ ತಲೆ ತಗ್ಗಿಸಿ, ಬೆನ್ನು ಬಾಗಿಸಿ ನುಸುಳಿದೆ.
ಆಚೆ ದಡದಲ್ಲಿ ಮದ್ದುಮಬಂಡ ಹಲ್ಲುಜ್ಜುತ್ತಾ
ನೊರೆ ಉಗುಳಿ ನಕ್ಕ.
ತಿರುಗಿ ನೋಡಿದೆ.
ಏನಿತ್ತು ಅಲ್ಲಿ.

ಸಂಜೆ ಪುಸ್ತಕದಲ್ಲಿ ಬರೆದೆ:
ತಂತಿ ಹದಿನಾರು ಸುರುಳಿ.
ಗುಬುಟು ಒಂದು ಕಡಿಮೆ.
ಬಂದವರು ಐದು.