ಮೆಮೊ

ಕಾಗದ ಮೇಜಿನ ಮೇಲಿಟ್ಟು ಹೋದರು.
ಬೆರಳಿಗೆ ಏನೂ ಸಿಗದ ನುಣುಪು.
ಮುಬೀನಾ ಓದಿದಳು: ಕಚೇರಿಯ ಶಿಸ್ತು, ಇತರ ನೌಕರರ ಅನುಕೂಲ...
ಆಮೇಲೆ ಒಂದು ಸಾಲು ನುಂಗಿದಳು.
ಗಂಟಲೂ ಕೇಳಿಸುತ್ತದೆ ನನಗೆ, ಮುಬೀನಾ.

ಶಿಡ್ಲಘಟ್ಟದ ಈ ಬೀದಿಯಲ್ಲಿ
ಬೆಂದ ರೇಷ್ಮೆಹುಳುವಿನ ವಾಸನೆಗೆ
ಊರ ನಾಯಿಗಳೆಲ್ಲ ಮೂಗೆತ್ತಿ ಓಡುತ್ತವೆ.
ನನ್ನ ಹುರುಳಿ
ಚರಂಡಿ ಬಂದರೆ ನಿಲ್ಲುತ್ತದೆ, ಆಟೋ ಬಂದರೆ ನಿಲ್ಲುತ್ತದೆ,
ವಾಸನೆಗೆ ನಿಲ್ಲದು.

ಆರು ವರ್ಷದಿಂದ ಫೋನಿನಲ್ಲಿ ಗೂಡಿನ ಧಾರಣೆ ಹೇಳುತ್ತಿದ್ದೇನೆ,
ಒಂದು ರೂಪಾಯಿ ತಪ್ಪಿಲ್ಲ.

ಸಾಹೇಬರಿಗೆ ನಾಯಿಕೂದಲು ಆಗದಂತೆ.
ಇರಬಹುದು.
ಅವರು ಸೀನಿದ್ದು ಮಾತ್ರ
ನಿನ್ನೆಯವರೆಗೆ ಕೇಳಿಲ್ಲ.

ನುಂಗಿದ ಸಾಲನ್ನು ಹೇಳಿಬಿಡು, ಮುಬೀನಾ.
ಹುರುಳಿ ಮೇಜಿನಡಿ
ನನ್ನ ಪಾದದ ಮೇಲೆ ಗದ್ದ ಊರಿದೆ.
ಅದೂ ಕಾಯುತ್ತಿದೆ.