ನಿಮಿಷಕ್ಕೆ ನಲವತ್ತೊಂದು

ಯುಗಾದಿಯ ಮಾರನೆ ದಿನ, ತಾಳವಾಡಿಯ ಬೀದಿಯಲ್ಲಿ
ಹೊಸತೊಡಕಿನ ಮಸಾಲೆ ಅರೆಯುವ ಸದ್ದು ಏಳುವ ಮುಂಚೆ
ನಾವು ಮೂವರು ಆಸ್ಪತ್ರೆಯ ಗೇಟು ದಾಟಿದ್ದೆವು:
ರಕ್ತ ಪರೀಕ್ಷೆಯ ತಂಗಮಣಿ, ಮಾತ್ರೆ ಕೊಡುವ ದಾಕ್ಷಾಯಿಣಿ,
ಇಪ್ಪತ್ತಾರು ವರ್ಷ ಸೂಜಿ ಚುಚ್ಚಿದ ನಾನು.
ರಜೆ ಒಂದೇ ದಿನ. ಶೂ ನನ್ನದಲ್ಲ, ಮಗಳದು,
ಅರ್ಧ ಇಂಚು ಚಿಕ್ಕದು.

ಚೆಕ್‌ಪೋಸ್ಟಿನಲ್ಲಿ ಚೀಟಿ ತಮಿಳಿನಲ್ಲಿತ್ತು.
ತಂಗಮಣಿ ಓದಿ ಹೇಳಿದಳು: ಅರುವಿ ಮೂರು, ಆಳು ಮೂರು,
ಸಂಜೆ ನಾಲ್ಕರೊಳಗೆ ವಾಪಸು.
ಬೆಂಕಿ ಕಾವಲಿನ ಕುಂಬಯ್ಯ ಅದನ್ನು ನೋಡದೆಯೇ ಮಡಚಿ
ಕಿವಿಯ ಸಂದಿಗೆ ಸಿಕ್ಕಿಸಿದ, ಬೀಡಿಯ ಜಾಗಕ್ಕೆ.
"ಈ ತಿಂಗ್ಳು ಬೀಡಿ ಬುಟ್ಟಿವ್ನಿ ಕನಮ್ಮ,
ಕಾಡು ಒಣಗಿ ಕೂತದೆ."

ಮುತ್ತುಗ ಎಲೆಯೆಲ್ಲ ಉದುರಿಸಿ ಬರೀ ಹೂವಾಗಿತ್ತು.
ಅದರ ಕೆಳಗಿನ ನೆಲ, ಯಾರೋ ಕೆಂಪು ಗುಳಿಗೆಯ
ಡಬ್ಬಿ ಬೋರಲು ಹಾಕಿದ ಹಾಗೆ.
(ದಾಕ್ಷಾಯಿಣಿ ಹಾಗಂದಳು, ನಾನಲ್ಲ.)
ಹೊಂಗೆಯ ಚಿಗುರು ಎಣ್ಣೆ ಸವರಿದಂತೆ ಮಿರಮಿರ.
ಸಾಗಡೆಯ ಎಳೆ ಎಲೆ ಇನ್ನೂ ಹಸುರಾಗಲು ಒಪ್ಪಿಲ್ಲ,
ಆಗಷ್ಟೇ ಹುಟ್ಟಿದ ಕೂಸಿನ ಅಂಗಾಲಿನ ಬಣ್ಣ.
ಲಂಟಾನ ಎರಡೂ ಕಡೆಯಿಂದ ದುಪಟ್ಟಾ ಜಗ್ಗಿತು.
ಸುಟ್ಟು ಬಿಟ್ಟ ಬೆಂಕಿಗೆರೆ ದಾಟುವಾಗ
ಕುಂಬಯ್ಯ ಮೂಗೆತ್ತಿ ನಿಂತ,
ಗಾಳಿಯನ್ನು ಸ್ವಲ್ಪ ಅಗಿದ, ಮುಂದೆ ನಡೆದ.

ಮೊದಲನೆ ಅಬ್ಬಿ ಬರೀ ಗುರುತು.
ಕರಿ ಬಂಡೆಯ ಮೇಲಿಂದ ಕೆಳತನಕ ಬಿಳಿ ಕಲೆ,
ಹಾಲುಕ್ಕಿ ಒಣಗಿದ ಪಾತ್ರೆಯ ಹಾಗೆ.
ತಂಗಮಣಿಯ ಫೋಟೋದಲ್ಲಿ ನಾವು ಮೂವರೂ
ಇಲ್ಲದ್ದರ ಮುಂದೆ ನಿಂತು ನಕ್ಕಿದ್ದೇವೆ.
"ಆಡಿಯಲ್ಲಿ ಬರಬೇಕಿತ್ತು," ಅಂದಳು. ಆಡಿ ಎಂದರೆ ನಮ್ಮ ಆಷಾಢ.
ಆಷಾಢದಲ್ಲಿ ನಮಗೆ ರಜೆ ಎಲ್ಲಿ? ಜ್ವರಗಳ ಕಾಲ ಅದು,
ಕಾರಿಡಾರಿನಲ್ಲೂ ಮಂಚ.

ಎರಡನೆಯದಕ್ಕೆ ಕೈಯೂರಿ ಹತ್ತಬೇಕಾಯಿತು.
ಹೆಬ್ಬೆರಳು ಶೂವಿನೊಳಗೆ ಬೇರೆಯೇ ನಾಡಿಯಾಗಿ ಮಿಡಿಯುತ್ತಿತ್ತು.
ಮೇಲೆ, ಜರಿಗಿಡದ ತುದಿಯಿಂದ
ಒಂದು ಹನಿ. ಆಮೇಲೆ ಒಂದು ಹನಿ.
ಅಷ್ಟೇ.
ದಾಕ್ಷಾಯಿಣಿ ಕುಸಿದು ಕೂತು ಜೋರಾಗಿ ನಕ್ಕಳು:
"ಇದಕ್ಕಾ ನಾನು ಮಿಕ್ಕ ಒಬ್ಬಟ್ಟು ಬಿಟ್ಟು ಬಂದದ್ದು!"
ನನಗೇನಾಯಿತೋ, ಗಡಿಯಾರ ತಿರುಗಿಸಿ ಎಣಿಸತೊಡಗಿದೆ.
ನಿಮಿಷಕ್ಕೆ ನಲವತ್ತೊಂದು.
ಇನ್ನೊಮ್ಮೆ ಎಣಿಸಿದೆ. ನಲವತ್ತೊಂದು.
ಎಷ್ಟು ರಾತ್ರಿ ಹೀಗೆ ಬಾಟಲಿಯ ಕೆಳಗೆ ಕತ್ತೆತ್ತಿ
ಚಕ್ರವನ್ನು ಕೂದಲಷ್ಟು ಸಡಿಲಿಸಿ, ಕೂದಲಷ್ಟು ಬಿಗಿಸಿ
ಯಾರ ಯಾರದೋ ಬೆಳಗಿನ ತನಕ ನಿಂತಿದ್ದೇನೆ.
ಇಲ್ಲಿ ತಿರುಗಿಸಲು ಚಕ್ರವಿಲ್ಲ.
ಸ್ಟೀಲಿನ ಲೋಟ ಇಟ್ಟೆವು. ಪುಳಿಯೋಗರೆ ತಿಂದು ಕೈ ಒರೆಸಿ
ತಂಗಮಣಿ ತನ್ನ ಅತ್ತೆಯ ಕತೆ ಮುಗಿಸುವಷ್ಟರಲ್ಲಿ
ಅರ್ಧ ತುಂಬಿತ್ತು.
ನಾಲ್ಕು ಜನಕ್ಕೆ ಒಂದೊಂದು ಗುಟುಕು. ಬಂಡೆಯ ರುಚಿ.
"ಜೇನ್ಗೆ, ಹಕ್ಕಿಗೆ ಇದು ಸಾಕು," ಅಂದ ಕುಂಬಯ್ಯ.
"ಆನೆಗೆ ಸಾಲ್ದು. ಅದು ಮರಳ ಕಾಲಲ್ಲಿ ಕೆದರಿ
ಗುಂಡಿ ತೋಡ್ಕತದೆ."

ಮೂರನೆಯದರ ಸದ್ದು ಕೇಳಿಸಿತು. ನಿಜ, ನೀರಿನದೇ ಸದ್ದು,
ಬಿದಿರಿನ ಆಚೆ, ದೂರದ ಕೋಣೆಯಲ್ಲಿ ಯಾರೋ
ಅಕ್ಕಿ ಸುರಿಯುತ್ತಿರುವ ಹಾಗೆ.
ದಾರಿಗೆ ಅಡ್ಡ ಲದ್ದಿ. ಕಾಲ್ಬೆರಳಿಂದ ಮುಟ್ಟಿ ನೋಡಿದ: ಬಿಸಿ.
ಪಕ್ಕದ ಕೆಸರಲ್ಲಿ ದೊಡ್ಡ ಹೆಜ್ಜೆ, ಅದರೊಳಗೇ ಇನ್ನೊಂದು,
ನಮ್ಮ ಊಟದ ಡಬ್ಬಿಯ ಮುಚ್ಚಳದಷ್ಟು.
"ಮರಿ," ಎಂದ, ತುಟಿಯಲ್ಲಿ ಮಾತ್ರ.
"ವಾರದ್ದಿರ್ಬೇಕು. ನಡೀರಿ ವಾಪಸು."
ಯಾರೂ ವಾದಿಸಲಿಲ್ಲ. ಬಾಣಂತಿ ಕೋಣೆಯ ಬಾಗಿಲಲ್ಲಿ
ನಾವೇ ಎಷ್ಟು ಜನರನ್ನು ತಡೆದಿಲ್ಲ.

ಇಳಿಯುವಾಗ ಶೂ ಬಿಚ್ಚಿ ಹೆಗಲಿಗೆ ಹಾಕಿಕೊಂಡೆ.
ಕಾರೆ ಮುಳ್ಳೊಂದು ಹಿಮ್ಮಡಿಗೆ ಹೊಕ್ಕಿತು;
ದಾಕ್ಷಾಯಿಣಿ ಸೇಫ್ಟಿಪಿನ್ನಿನಲ್ಲಿ ಕಿತ್ತಳು,
ಮೆಲ್ಲಗೆ, ಮೆಲ್ಲಗೆ ಎಂದು
ನಾನೂ ಎಲ್ಲ ರೋಗಿಗಳಂತೆ ಕೂಗಿದೆ.

ಚೆಕ್‌ಪೋಸ್ಟಿನ ಪುಸ್ತಕದಲ್ಲೊಂದು ಕಲಂ: ಕಂಡ ಅರುವಿ ಎಷ್ಟು?
ತಂಗಮಣಿ ಮೂರು ಎಂದು ಬರೆದಳು.
ದಾಕ್ಷಾಯಿಣಿ ತನ್ನ ಸಾಲಿನಲ್ಲಿ ಸೊನ್ನೆ ಸುತ್ತಿ,
ಯೋಚಿಸಿ, ಅದನ್ನು ಒಂದು ಮಾಡಿದಳು.
ಅಷ್ಟರಲ್ಲಿ ಕಡೆಯ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು.
ನಲವತ್ತೊಂದು ಎಂದು ಗೀಚಿ, ಸಹಿ ಹಾಕಿ,
ಬರಿಗಾಲಲ್ಲೇ ಓಡಿದೆ.