ಕೆಳಗಿಟ್ಟ ಹತ್ತಿ

ಲೆಗಾಸ್ಪಿಯ ಈ ಪ್ರಯೋಗಾಲಯದಲ್ಲಿ ನನ್ನ ಕೆಲಸ ಇಷ್ಟೇ:
ಬೆರಳಗಲದ ಪಟ್ಟಿಯೊಂದನ್ನು ತೂಗುಹಾಕಿ
ಅದರ ಕಾಲಿಗೆ ಹತ್ತು ಸೆಕೆಂಡು ಬೆಂಕಿ ಹಿಡಿಯುವುದು,
ತೆಗೆಯುವುದು, ಎಣಿಸುವುದು.
ಒಂದಡಿ ಕೆಳಗೆ ಒಂದು ಹಿಡಿ ಹತ್ತಿ.
ಪಟ್ಟಿ ತುಸು ಉರಿದರೂ ಮಾಫಿಯುಂಟು;
ಹನಿ ಬಿದ್ದು ಹತ್ತಿ ಹೊತ್ತಬಾರದು.

ಪಟ್ಟಿಯ ಎಲುಬು ಅಬಾಕಾ ನಾರು,
ಬಾಳೆಯ ದಾಯಾದಿ, ತಿನ್ನುವ ಹಣ್ಣು ಕೊಡದ್ದು,
ಹಡಗಿನ ಹಗ್ಗವಾಗಿ ಉಪ್ಪುನೀರನ್ನೇ ದಣಿಸಿದ್ದು.
ಮಾಂಸ, ಜೋಳದ ಪಿಷ್ಟದಿಂದ ಹುಟ್ಟಿದ ಪ್ಲಾಸ್ಟಿಕ್.
ಎರಡೂ ಮಣ್ಣಿನ ಮಕ್ಕಳು, ಒಳ್ಳೆಯವು.
ಒಳ್ಳೆಯವು ಬೇಗ ಉರಿಯುತ್ತವೆ.

ತಿಯಾ ಪೆರ್ಪೆತುವಾಳ ಮುಂಗೈ ಮೇಲೆ
ಐದು ಕಲೆ, ಹೆಸರುಕಾಳಿನಷ್ಟು.
ಫೆರ್ರಿಯ ಚಾವಣಿ ಕರಗಿ ತೊಟ್ಟಿಕ್ಕಿದ ರಾತ್ರಿಯವು.
ಮಳೆ ಅಂದುಕೊಂಡೆ, ಎನ್ನುತ್ತಾಳೆ.
ಅಷ್ಟೇ ಎನ್ನುತ್ತಾಳೆ.

ಮೊದಲು ರಂಜಕದ ಪುಡಿ ಬೆರೆಸಿದೆವು.
ನೂರಕ್ಕೆ ಹತ್ತು, ಹದಿನೈದು. ಇಪ್ಪತ್ತೈದಕ್ಕೆ ಬೆಂಕಿ ಸೋತಿತು.
ಎಂಜಿನಿಯರ್ ಬೆಲಾರ್ಮಿನೊ ಕುಣಿದೇಬಿಟ್ಟರು.
ಮರುದಿನ ಎಳೆಯುವ ಯಂತ್ರದ ಬಾಯಿಗೆ ಕೊಟ್ಟರೆ
ಹಪ್ಪಳದ ಹಾಗೆ ಟಪ್ಪೆಂದಿತು.
ಉರಿಯದ ಬಾಗಿಲು, ಸರಿ;
ಮೊಣಕೈ ತಾಗಿದರೆ ಮುರಿಯುವ ಬಾಗಿಲು.
ಅತ್ತ ದರಿ, ಇತ್ತ ಹುಲಿ.

ಏಳು ತಿಂಗಳು.

ಆಮೇಲೆ ಪ್ಲಾಸ್ಟಿಕ್ಕಿಗೆ ಪುಡಿ ತುರುಕುವುದು ಬಿಟ್ಟು
ನಾರಿಗೇ ಸ್ನಾನ ಮಾಡಿಸಿದೆವು:
ಸಿಗಡಿ ಸಿಪ್ಪೆಯ ಸಾರದಲ್ಲೊಮ್ಮೆ, ಅಕ್ಕಿ ತೌಡಿನ ಆಮ್ಲದಲ್ಲೊಮ್ಮೆ,
ಒಣಗಿಸಿ, ಮತ್ತೆ ಮುಳುಗಿಸಿ, ಪದರದ ಮೇಲೆ ಪದರ.
ನಾರು ನಿಜಕ್ಕೂ ನಾರಿತು, ಇಡೀ ಕಟ್ಟಡ ಮೀನುಪೇಟೆ.

ಇವತ್ತು ಬೆಂಕಿ ತೆಗೆದೆ. ಒಂದು. ಎರಡು.
ಮೂರು ಅನ್ನುವಷ್ಟರಲ್ಲಿ ಆರಿತು.
ತುದಿಯಲ್ಲಿ ಕಪ್ಪು ನೊರೆ ಉಬ್ಬಿ, ಗಟ್ಟಿಯಾಗಿ
ಒಳಗಿನದನ್ನು ಅವುಚಿಕೊಂಡಿತ್ತು.
ಬೂದಿ ಮುಚ್ಚಿದ ಕೆಂಡಕ್ಕೆ ಅಂಜಬೇಕು, ನಿಜ.
ಇದು ಮಸಿ ಮುಚ್ಚಿದ ನಾರು.

ಇದೇ ಅಚ್ಚಿನ ಇನ್ನೊಂದು ಪಟ್ಟಿಯನ್ನು ಎಳೆದು ಅಂಕಿ ಬರೆದೆ:
ಬರಿಯ ನಾರಿನದಕ್ಕಿಂತ ಕೊಂಚ ಹೆಚ್ಚೇ.
ಬೆಲಾರ್ಮಿನೊ ಈ ಸಲ ಕುಣಿಯಲಿಲ್ಲ.
ಸಮುದ್ರದ ತೇವದಲ್ಲಿ ಒಂದು ವರ್ಷ ಇಟ್ಟು ನೋಡೋಣ, ಅಂದರು.

ಬಳಸಿದ ಹತ್ತಿ ಕಸಕ್ಕೆ, ಅದು ನಿಯಮ.
ಹಾಕಲಿಲ್ಲ. ಸಂಜೆ ತಿಯಾಳ ಕೈಗಿಟ್ಟೆ.
ಏನಿದು, ಎಂದಳು.
ಏನೂ ಬೀಳದ ಹತ್ತಿ, ಅಂದೆ.
ಅವಳು ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ
ನೋಯುವ ಮಂಡಿಗೆ ಉಜ್ಜಿಕೊಂಡಳು.